ಫೋನ್ ಹಿಡಿದ ಕೈಯೇ ಪರಿಹಾರ ತೆರಲಿ

ಚಾಲನಾ ಪರವಾನಗಿಯ ಅವಧಿ ಮುಗಿದದ್ದನ್ನು ಗಮನಿಸದೆ, ಆದರೆ ಎಚ್ಚರದಿಂದಲೇ ಕಾರು ಓಡಿಸಿಕೊಂಡು ಹೋದವನು ಒಬ್ಬ. ಪರವಾನಗಿ, ವಿಮೆ, ಹೊಗೆ ತಪಾಸಣೆಯ ಚೀಟಿ ಎಲ್ಲವನ್ನೂ ಸರಿಯಾಗಿ ಇಟ್ಟುಕೊಂಡು, ಸ್ಟೇರಿಂಗ್ ಮೇಲೆ ಫೋನ್ ಆನಿಸಿ ರೀಲ್ಸ್ ನೋಡುತ್ತಾ ಹೋದವನು ಇನ್ನೊಬ್ಬ. ಇಬ್ಬರ ಕಾರಿಗೂ ಸಿಕ್ಕಿ ಒಬ್ಬೊಬ್ಬ ಪಾದಚಾರಿ ಸತ್ತರು ಎಂದುಕೊಳ್ಳಿ. ಮೊದಲನೆಯ ಪ್ರಕರಣದಲ್ಲಿ ವಿಮಾ ಕಂಪನಿ ಮೃತನ ಕುಟುಂಬಕ್ಕೆ ಪರಿಹಾರ ಕೊಟ್ಟು, ಆ ಮೊತ್ತವನ್ನು ಕಾರಿನ ಮಾಲೀಕನಿಂದ ವಸೂಲಿ ಮಾಡಿಕೊಳ್ಳಬಹುದು. ಎರಡನೆಯದರಲ್ಲಿ ಕಂಪನಿ ಪರಿಹಾರ ಕೊಡುತ್ತದೆ, ಕಡತ ಮುಚ್ಚುತ್ತದೆ. ರೀಲ್ಸ್ ನೋಡಿದವನ ಜೇಬಿನಿಂದ ಆ ಪರಿಹಾರಕ್ಕೆ ಒಂದು ರೂಪಾಯಿಯೂ ಹೋಗುವುದಿಲ್ಲ. ಕಾಗದದ ಲೋಪಕ್ಕೆ ದಂಡ, ಕೊಲ್ಲುವ ಲೋಪಕ್ಕೆ ರಕ್ಷೆ. ಮೋಟಾರು ವಿಮೆಯ ಈ ವ್ಯವಸ್ಥೆಯನ್ನು ಸಮರ್ಥಿಸುವ ಒಂದೇ ಒಂದು ಗಟ್ಟಿ ಕಾರಣವೂ ನಮಗೆ ಕಾಣುವುದಿಲ್ಲ. ಇದು ಬದಲಾಗಬೇಕು.

ಮೊಬೈಲ್ ಹಿಡಿದು ವಾಹನ ಓಡಿಸುವುದು ಅಪರಾಧವೆಂದು ಕಾನೂನಿಗೆ ಗೊತ್ತಿಲ್ಲವೆಂದಲ್ಲ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 184 ಅಪಾಯಕಾರಿ ಚಾಲನೆಯನ್ನು ಶಿಕ್ಷಿಸುತ್ತದೆ. 2019ರ ತಿದ್ದುಪಡಿ ಅದಕ್ಕೊಂದು ವಿವರಣೆ ಸೇರಿಸಿ, ಕೈಯಲ್ಲಿ ಹಿಡಿಯುವ ಸಂಪರ್ಕ ಸಾಧನದ ಬಳಕೆಯನ್ನು ಸ್ಪಷ್ಟವಾಗಿ ಹೆಸರಿಸಿತು. ಮೊದಲ ಸಲಕ್ಕೆ ಆರು ತಿಂಗಳಿಂದ ಒಂದು ವರ್ಷದವರೆಗೆ ಸೆರೆ, ಇಲ್ಲವೇ 1,000ದಿಂದ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅದೇ ತಿದ್ದುಪಡಿ ವಿಮೆಯ ಅಧ್ಯಾಯವನ್ನೂ ತಿರುವಿಹಾಕಿತು. ಮೂರನೇ ವ್ಯಕ್ತಿಗೆ ಪರಿಹಾರ ಕೊಡುವ ಪ್ರಶ್ನೆ ಬಂದಾಗ ವಿಮಾ ಕಂಪನಿ ಎತ್ತಬಹುದಾದ ತಕರಾರುಗಳು ಸೆಕ್ಷನ್ 150ರಲ್ಲಿವೆ: ಪರವಾನಗಿ ಇಲ್ಲದ ಚಾಲಕ, ಬಾಡಿಗೆಗೆ ಬಿಟ್ಟ ಖಾಸಗಿ ವಾಹನ, ರೇಸು ಇತ್ಯಾದಿ. ಆ ಪಟ್ಟಿಗೆ 2019ರಲ್ಲಿ ಹೊಸದಾಗಿ ಸೇರಿದ್ದು ಮದ್ಯ ಮತ್ತು ಮಾದಕ ವಸ್ತುವಿನ ಅಮಲಿನಲ್ಲಿ ಚಾಲನೆ. ಸಂಸತ್ತು ಒಂದು ಕೈಯಲ್ಲಿ ಫೋನನ್ನು ಅಪರಾಧದ ಪಟ್ಟಿಗೆ ಸೇರಿಸಿತು, ಇನ್ನೊಂದು ಕೈಯಲ್ಲಿ ಕುಡಿತವನ್ನು ವಿಮೆಯ ಪಟ್ಟಿಗೆ ಸೇರಿಸಿತು. ಎರಡೂ ಕೈ ಒಂದೇ ಮಸೂದೆಯ ಮೇಲೆ ಆಡುತ್ತಿದ್ದರೂ ಫೋನು ವಿಮೆಯ ಪಟ್ಟಿಗೆ ಬರಲಿಲ್ಲ.

ಕುಡಿತಕ್ಕೂ ಫೋನಿಗೂ ಹೋಲಿಕೆಯೇ ಎಂದು ಹುಬ್ಬೇರಿಸುವವರಿದ್ದಾರೆ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಡೇವಿಡ್ ಸ್ಟ್ರೇಯರ್ ಮತ್ತು ಸಂಗಡಿಗರು ಈ ಹೋಲಿಕೆಯನ್ನು ಪ್ರಯೋಗಾಲಯದಲ್ಲೇ ಮಾಡಿ 2006ರಲ್ಲಿ ಪ್ರಕಟಿಸಿದರು. ಫೋನಿನಲ್ಲಿ ಮಾತಾಡುತ್ತಿದ್ದ ಚಾಲಕರ ಸ್ಥಿತಿ ಕಾನೂನು ಮಿತಿಯಷ್ಟು ಕುಡಿದ ಚಾಲಕರಿಗಿಂತ ಉತ್ತಮವಾಗಿರಲಿಲ್ಲ. ಫೋನ್ ಕೈಯಲ್ಲಿತ್ತೋ ಕಿವಿಯ ಸಾಧನದಲ್ಲಿತ್ತೋ ಎಂಬುದರಿಂದ ಹೆಚ್ಚು ವ್ಯತ್ಯಾಸವೂ ಆಗಲಿಲ್ಲ. ವಾಹನ ಚಲಾಯಿಸುತ್ತಾ ಮೊಬೈಲ್ ಬಳಸುವವರು ಅಪಘಾತಕ್ಕೆ ಒಳಗಾಗುವ ಸಂಭವ ಸುಮಾರು ನಾಲ್ಕು ಪಟ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ವರ್ಷಗಳಿಂದ ಹೇಳುತ್ತಿದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ವಾಹನ ಐದು ಸೆಕೆಂಡಿನಲ್ಲಿ 80 ಮೀಟರಿಗೂ ಹೆಚ್ಚು ದೂರ ಸಾಗುತ್ತದೆ. ಒಂದು ಸಂದೇಶ ಓದಿ ಮುಗಿಸುವಷ್ಟರಲ್ಲಿ ಆ 80 ಮೀಟರನ್ನು ಚಾಲಕ ಕಣ್ಣುಮುಚ್ಚಿಯೇ ದಾಟಿರುತ್ತಾನೆ. ಇನ್ನೂ ಒಂದು ಮಾತಿದೆ. ಕುಡಿದವನಿಗೆ ಅಮಲು ಇಳಿಯುವವರೆಗೆ ಅದು ತನ್ನ ಕೈಮೀರಿದ ಸ್ಥಿತಿ. ಫೋನ್ ನೋಡುವವನು ಪ್ರತಿ ಸಲವೂ ಹೊಸದಾಗಿ ತೀರ್ಮಾನಿಸಿಯೇ ನೋಡುತ್ತಾನೆ. ತಪ್ಪಿನ ತೂಕ ಹಾಕುವುದಾದರೆ ತಕ್ಕಡಿ ಯಾವ ಕಡೆ ವಾಲೀತು?

ಹಾಗಾದರೆ ಫೋನ್ ಬಳಸಿ ಮಾಡಿದ ಅಪಘಾತಕ್ಕೆ ವಿಮೆಯೇ ಇಲ್ಲ ಎಂದುಬಿಡೋಣವೇ? ಈ ಸಲಹೆ ಕೇಳಲು ಖಡಕ್ಕಾಗಿದೆ, ಆದರೆ ಅನ್ಯಾಯದ್ದು. ಕಡ್ಡಾಯ ಮೂರನೇ ವ್ಯಕ್ತಿ ವಿಮೆ ಇರುವುದು ವಾಹನ ಮಾಲೀಕನ ನೆಮ್ಮದಿಗಲ್ಲ. ರಸ್ತೆಯಲ್ಲಿ ಹೋಗುತ್ತಿದ್ದ, ಆ ವಾಹನಕ್ಕೆ ಯಾವ ಸಂಬಂಧವೂ ಇಲ್ಲದ ಮನುಷ್ಯ ಸತ್ತರೆ, ಕೈಕಾಲು ಕಳೆದುಕೊಂಡರೆ ಅವನ ಮನೆ ಬೀದಿಗೆ ಬೀಳದಿರಲಿ ಎಂಬುದಕ್ಕೆ. ಚಾಲಕ ಫೋನ್ ನೋಡುತ್ತಿದ್ದ ಎಂಬ ಕಾರಣಕ್ಕೆ ಸತ್ತವನ ಹೆಂಡತಿ ಮಕ್ಕಳಿಗೆ ಪರಿಹಾರ ತಪ್ಪಿಸಿದರೆ ಅದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ವಿಮಾ ಕಂಪನಿಗಳು ಇಂಥ ಬಾಗಿಲು ಎಲ್ಲಿ ತೆರೆದೀತೆಂದು ಕಾಯುತ್ತಿರುತ್ತವೆ ಎಂಬುದನ್ನೂ ಮರೆಯಬಾರದು. 2016ರಲ್ಲಿ ಮಂಡನೆಯಾದ ತಿದ್ದುಪಡಿ ಮಸೂದೆಯಲ್ಲಿ ಸಾವಿನ ಪ್ರಕರಣದಲ್ಲಿ ಕಂಪನಿಯ ಹೊಣೆಯನ್ನು 10 ಲಕ್ಷ ರೂಪಾಯಿಗೆ ಮಿತಿಗೊಳಿಸುವ ಪ್ರಸ್ತಾವವಿತ್ತು. ವಿರೋಧ ಬಂದ ಮೇಲೆ ಅದನ್ನು ಕೈಬಿಟ್ಟರು. ಅಂಥ ಮಿತಿ ಬೇರೆ ವೇಷದಲ್ಲಿ ಮತ್ತೆ ಬರುವುದು ಬೇಡ.

ದಾರಿ ನಮ್ಮ ನ್ಯಾಯಾಲಯಗಳಲ್ಲೇ ಇದೆ. 'ಮೊದಲು ಕೊಡು, ಆಮೇಲೆ ವಸೂಲಿ ಮಾಡಿಕೋ' ಎಂಬ ತತ್ವ ಅದು. 2004ರಲ್ಲಿ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ವಿಸ್ತಾರವಾಗಿ ವಿವರಿಸಿತು. ಪಾಲಿಸಿಯ ಷರತ್ತು ಮುರಿದರೂ ಸಂತ್ರಸ್ತರಿಗೆ ಕಂಪನಿ ಪರಿಹಾರ ಕೊಡಬೇಕು, ಬಳಿಕ ಷರತ್ತು ಮುರಿದವರಿಂದ ಪಡೆಯಬಹುದು. 2020ರಲ್ಲಿ ಕರ್ನಾಟಕ ಹೈಕೋರ್ಟಿನ ಪೂರ್ಣ ಪೀಠವೂ ಪರವಾನಗಿಯ ಲೋಪವಿರುವ ಪ್ರಕರಣಗಳಲ್ಲಿ ಮೂರನೇ ವ್ಯಕ್ತಿಗೆ ಮೊದಲು ಹಣ ಸಿಗಬೇಕೆಂದು ಹೇಳಿ, ಆವರೆಗೆ ಇದ್ದ ಗೊಂದಲವನ್ನು ಬಗೆಹರಿಸಿತು. ಕುಡಿದ ಚಾಲಕನ ವಿಷಯದಲ್ಲೂ ಇದೇ ಸೂತ್ರವೆಂದು 2023ರಲ್ಲಿ ಕೇರಳ ಹೈಕೋರ್ಟ್ ಹೇಳಿತು. ಸ್ವರಣ್ ಸಿಂಗ್ ತೀರ್ಪಿನಲ್ಲಿ ಇನ್ನೊಂದು ಮುಖ್ಯ ಅಂಶವಿದೆ. ಮುರಿದ ಷರತ್ತು ಅಪಘಾತಕ್ಕೆ ಕಾರಣವಾಗುವಷ್ಟು ಮೂಲಭೂತವಾಗಿರಬೇಕು, ಮತ್ತು ಅದನ್ನು ಸಾಬೀತುಪಡಿಸುವ ಹೊಣೆ ಕಂಪನಿಯದು. ಈ ಅಳತೆಗೋಲು ಹಿಡಿದರೆ ನವೀಕರಿಸದ ಪರವಾನಗಿ ಅಪಘಾತಕ್ಕೆ ಎಷ್ಟರಮಟ್ಟಿಗೆ ಕಾರಣ ಎಂದು ತಲೆ ಕೆರೆದುಕೊಳ್ಳಬೇಕಾಗುತ್ತದೆ. ಕೈಯಲ್ಲಿದ್ದ ಫೋನಿನ ವಿಷಯದಲ್ಲಿ ಆ ಕಷ್ಟವಿಲ್ಲ.

ಆದ್ದರಿಂದ ನಮ್ಮ ತೀರ್ಪು ಇದು. ಸೆಕ್ಷನ್ 150ರ ಪಟ್ಟಿಗೆ ಚಾಲನೆಯ ವೇಳೆಯ ಫೋನ್ ಬಳಕೆಯೂ ಸೇರಬೇಕು. ಆದರೆ ಅದು ಸಂತ್ರಸ್ತರಿಗೆ ಪರಿಹಾರ ನಿರಾಕರಿಸುವ ಕಾರಣವಾಗಿ ಅಲ್ಲ, ಚಾಲಕ ಮತ್ತು ಮಾಲೀಕನಿಂದ ವಸೂಲಿ ಮಾಡುವ ಹಕ್ಕಾಗಿ ಮಾತ್ರ. ಪೂರ್ತಿ ಪರಿಹಾರ, ಬಡ್ಡಿ ಸಮೇತ, ಮೊದಲು ಸಂತ್ರಸ್ತರ ಕೈ ಸೇರಬೇಕು. ಇದನ್ನು ವಕೀಲರು ವಾದಿಸಿ ಗೆಲ್ಲಬೇಕಾದ ಸ್ಥಿತಿ ಉಳಿಯದಂತೆ ಕಾಯ್ದೆಯಲ್ಲೇ ಬರೆಯಬೇಕು.

ವಸೂಲಿ ಎಂದರೆ ಎಷ್ಟು? ಲೆಕ್ಕ ಹಾಕಿ ನೋಡೋಣ. ತಿಂಗಳಿಗೆ 15,000 ರೂಪಾಯಿ ದುಡಿಯುತ್ತಿದ್ದ 35 ವರ್ಷದ ಗಾರೆ ಕೆಲಸಗಾರ, ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ವಯಸ್ಸಾದ ತಾಯಿ. ಸುಪ್ರೀಂ ಕೋರ್ಟಿನ ಸರಳಾ ವರ್ಮಾ ಮತ್ತು ಪ್ರಣಯ್ ಸೇಠಿ ತೀರ್ಪುಗಳ ಸೂತ್ರದಂತೆ ವರ್ಷದ ಆದಾಯ 1,80,000. ಭವಿಷ್ಯದ ಏರಿಕೆಗೆ ಶೇ 40 ಸೇರಿಸಿದರೆ 2,52,000. ಅವನ ಸ್ವಂತ ಖರ್ಚೆಂದು ಕಾಲು ಭಾಗ ಕಳೆದರೆ 1,89,000. ಆ ವಯಸ್ಸಿನ ಗುಣಕ 16ರಿಂದ ಗುಣಿಸಿದರೆ 30,24,000 ರೂಪಾಯಿ. ಇದರ ಮೇಲೆ ಅಂತ್ಯಕ್ರಿಯೆ ಮತ್ತಿತರ ಬಾಬ್ತುಗಳು. ಈ 30 ಲಕ್ಷವನ್ನು ಇವತ್ತು ಯಾರು ತೆರುತ್ತಿದ್ದಾರೆ? ಎಚ್ಚರದಿಂದ ವಾಹನ ಓಡಿಸುವ ಲಕ್ಷಾಂತರ ಜನ ವರ್ಷವರ್ಷ ಕಟ್ಟುವ ಪ್ರೀಮಿಯಂ ತೆರುತ್ತಿದೆ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ.

30 ಲಕ್ಷ ವಸೂಲಿ ಮಾಡಹೊರಟರೆ ಸಾಮಾನ್ಯ ಚಾಲಕನ ಮನೆ ಮಠ ಹೋಗುತ್ತದೆ ಎಂಬ ಆಕ್ಷೇಪಕ್ಕೆ ತೂಕವಿದೆ. ಒಂದು ಮನೆ ಉಳಿಸಲು ಇನ್ನೊಂದು ಮನೆ ಕೆಡವುವುದು ನಮ್ಮ ಉದ್ದೇಶವಲ್ಲ. ಎಷ್ಟು ವಸೂಲಿ, ಎಷ್ಟು ಕಂತು ಎಂಬುದನ್ನು ಚಾಲಕನ ಆಸ್ತಿ ಮತ್ತು ಆದಾಯ ನೋಡಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ನಿರ್ಧರಿಸಲಿ. ಅದು ಸೊನ್ನೆ ಮಾತ್ರ ಆಗಕೂಡದು. ವಾಹನ ಯಾವುದಾದರೂ ಕಂಪನಿಯದೋ ಟ್ರಾವೆಲ್ಸಿನದೋ ಆಗಿದ್ದರೆ ಮಾತ್ರ ಈ ಮೃದುತ್ವ ಬೇಕಿಲ್ಲ, ಮಾಲೀಕರಿಂದ ಪೂರ್ತಿ ವಸೂಲಾಗಲಿ. ಚಾಲಕ ಎತ್ತಿಕೊಳ್ಳುವ ಕರೆ ಎಷ್ಟೋ ಸಲ ಬರುವುದು ಮಾಲೀಕನಿಂದಲೇ. 'ಎಲ್ಲಿದ್ದೀಯಾ, ಎಷ್ಟು ಹೊತ್ತಾಗುತ್ತೆ' ಎಂದು ಕೇಳುವವನಿಗೆ ಆ ಹೊತ್ತಿನಲ್ಲಿ ಚಾಲಕ ಎಲ್ಲಿರುತ್ತಾನೆಂದು ಗೊತ್ತಿರದೆ ಏನು?

ಇದೇ ಮಾತು ಮನೆಬಾಗಿಲಿಗೆ ಊಟ, ದಿನಸಿ ತಲುಪಿಸುವ ಆ್ಯಪ್ ಕಂಪನಿಗಳಿಗೆ ಇನ್ನೂ ಜೋರಾಗಿ ಅನ್ವಯಿಸುತ್ತದೆ. ಬೆಂಗಳೂರಿನ ಯಾವ ಸಿಗ್ನಲ್ಲಿನಲ್ಲಿ ನಿಂತರೂ ಸ್ಕೂಟರಿನ ಹ್ಯಾಂಡಲ್ಲಿಗೆ ಕಟ್ಟಿದ ಫೋನುಗಳ ಸಾಲು ಕಾಣುತ್ತದೆ. ಆ ಹುಡುಗರು ಚಟಕ್ಕೆ ಫೋನ್ ನೋಡುವುದಿಲ್ಲ. ಮುಂದಿನ ಆರ್ಡರ್ ಪರದೆಯ ಮೇಲೆ ಬಂದು ಕೆಲವೇ ಸೆಕೆಂಡು ನಿಲ್ಲುತ್ತದೆ, ಒತ್ತದಿದ್ದರೆ ಆ ದುಡಿಮೆ ಬೇರೆಯವನಿಗೆ. ದಾರಿ ನೋಡಿಕೊಳ್ಳಲು ಮಾತ್ರ ಫೋನ್ ಬಳಸಬಹುದು, ಅದೂ ಗಮನ ಕೆಡದಂತೆ ಎಂದು 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಕೇಂದ್ರ ನಿಯಮ ಹೇಳುತ್ತದೆ. ಓಡುತ್ತಿರುವ ವಾಹನದ ಮೇಲಿರುವವನಿಂದ ಉತ್ತರ ಕೇಳುವ ಆ್ಯಪ್ ಆ ನಿಯಮದ ಮುರಿತವನ್ನು ದಿನವಿಡೀ ಆಹ್ವಾನಿಸುತ್ತಿದೆ. ಸಾಲದ್ದಕ್ಕೆ, ಖಾಸಗಿ ಬಳಕೆಗೆಂದು ವಿಮೆ ಮಾಡಿಸಿದ ಸ್ಕೂಟರಿನಲ್ಲಿ ಬಾಡಿಗೆ ಕೆಲಸ ಮಾಡಿದರೆ ವಿಮಾ ಕಂಪನಿ ತಕರಾರು ಎತ್ತಲು ಅದೊಂದೇ ಸಾಕು. ಅಪಘಾತವಾದಾಗ ಆ ಹುಡುಗನ ಮೇಲೆ ವಸೂಲಿಯ ಹೊರೆ ಹಾಕಿ ಆ್ಯಪ್ ಕಂಪನಿ ಕೈ ತೊಳೆದುಕೊಳ್ಳುವ ಹಾಗಿದ್ದರೆ ನಾವು ಕೇಳುತ್ತಿರುವ ತಿದ್ದುಪಡಿ ಬಾರದಿರುವುದೇ ಲೇಸು. ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಕಾಯ್ದೆ ಮಾಡಿದೆ, ಅದು ಒಳ್ಳೆಯದೇ. ಆದರೆ ಕೆಲಸದ ಹೊತ್ತಿನಲ್ಲಿ ಕಂಪನಿಯದೇ ಆ್ಯಪ್ ನೋಡುತ್ತಾ ಆದ ಅಪಘಾತದ ಹೊಣೆ ಕಂಪನಿಯದು ಎಂದು ಹೇಳುವ ಧೈರ್ಯವನ್ನು ಮೋಟಾರು ವಾಹನ ಕಾಯ್ದೆ ತೋರಬೇಕು.

ಇನ್ನು ಚಾಲಕನ ಸ್ವಂತ ನಷ್ಟದ ಮಾತು. ತನ್ನದೇ ಅತಿವೇಗ ಮತ್ತು ನಿರ್ಲಕ್ಷ್ಯದಿಂದ ಕಾರು ಉರುಳಿಸಿ ಸತ್ತ ಚಾಲಕನೊಬ್ಬನ ಕುಟುಂಬ 80 ಲಕ್ಷ ರೂಪಾಯಿ ಕೇಳಿತ್ತು. ಅಪಘಾತ ಆದದ್ದು 2014ರಲ್ಲಿ, ಅರಸೀಕೆರೆಯ ಹಾದಿಯಲ್ಲಿ. ಕೊಡಲಾಗದು ಎಂದ ಕರ್ನಾಟಕ ಹೈಕೋರ್ಟಿನ ತೀರ್ಪಿನಲ್ಲಿ ಹಸ್ತಕ್ಷೇಪ ಮಾಡಲು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ನಿರಾಕರಿಸಿತು. ಕುಟುಂಬದ ದುಃಖ ದೊಡ್ಡದು, ಆದರೆ ತಾನೇ ಮಾಡಿದ ತಪ್ಪಿಗೆ ಪರಿಹಾರ ಕೇಳಲಾಗದೆಂಬ ತತ್ವ ಸರಿಯಾದುದು. ವಿಚಿತ್ರವೆಂದರೆ ಕಾರಿನ ಜಖಂ ರಿಪೇರಿಗೆ ಬಂದಾಗ ಈ ತತ್ವ ಸಡಿಲವಾಗುತ್ತದೆ. ಸ್ವಂತ ಹಾನಿಯ ಪಾಲಿಸಿಗಳು ಕುಡಿದ ಚಾಲಕನನ್ನು ಹೊರಗಿಡುತ್ತವೆ, ಪರವಾನಗಿ ಇಲ್ಲದವನನ್ನೂ ಹೊರಗಿಡುತ್ತವೆ. ಸಾಮಾನ್ಯ ಪಾಲಿಸಿಯ ಆ ಪಟ್ಟಿಯಲ್ಲಿ ಫೋನ್ ಇಲ್ಲ. ಅದಕ್ಕಿಂತಲೂ ನಾಚಿಕೆಗೇಡಿನ ಸಂಗತಿ ನೋ ಕ್ಲೇಮ್ ಬೋನಸ್‌ನದು. ಅದು ಸ್ವಂತ ಹಾನಿಯ ಭಾಗಕ್ಕೆ ಮಾತ್ರ ಕಟ್ಟಿದ ರಿಯಾಯಿತಿ. ಫೋನ್ ನೋಡುತ್ತಾ ಒಬ್ಬನನ್ನು ಕೊಂದವನು ತನ್ನ ಬಂಪರಿನ ತಗ್ಗನ್ನು ಕೈಯಿಂದ ಹಣ ಕೊಟ್ಟು ಸರಿಪಡಿಸಿಕೊಂಡು ಕ್ಲೇಮ್ ಹಾಕದೇ ಇದ್ದರೆ, ಮುಂದಿನ ವರ್ಷ ಅವನಿಗೂ ಬೋನಸ್ ಉಂಟು! ಕಂಪನಿಯ ಕಡತದಲ್ಲಿ ಅವನು ಒಳ್ಳೆಯ ಗ್ರಾಹಕ.

ಪ್ರೀಮಿಯಂ ವಿಷಯವೂ ಹಾಗೆಯೇ. ಮೂರನೇ ವ್ಯಕ್ತಿ ವಿಮೆಯ ದರವನ್ನು ನಿಗದಿ ಮಾಡುವುದು ಕೇಂದ್ರ ಸರ್ಕಾರ. 2022ರ ಜೂನ್ 1ರಿಂದ ಬಂದ ಪಟ್ಟಿಯಂತೆ 1,000 ಸಿಸಿವರೆಗಿನ ಕಾರಿಗೆ 2,094 ರೂಪಾಯಿ, 1,500 ಸಿಸಿವರೆಗೆ 3,416, ಅದಕ್ಕೂ ಮೇಲೆ 7,897. ದರ ನೋಡುವುದು ಎಂಜಿನ್ನಿನ ಗಾತ್ರವನ್ನು, ಚಾಲಕನ ನಡತೆಯನ್ನಲ್ಲ. ಸಂಚಾರ ಉಲ್ಲಂಘನೆಗೆ ಅಂಕ ಕೊಟ್ಟು ಅದಕ್ಕೆ ತಕ್ಕ ಪ್ರೀಮಿಯಂ ವಿಧಿಸಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರದ ಕಾರ್ಯಪಡೆಯೇ 2021ರ ಜನವರಿಯಲ್ಲಿ ಶಿಫಾರಸು ಮಾಡಿತ್ತು. ದೆಹಲಿಯಲ್ಲಿ ಪ್ರಯೋಗ ನಡೆಸಬಹುದೆಂದೂ ಹೇಳಿತ್ತು. ಬ್ರಿಟನ್ನಿನಲ್ಲಿ ಫೋನ್ ಹಿಡಿದು ಸಿಕ್ಕಿಬಿದ್ದವನ ಪರವಾನಗಿಗೆ ಆರು ದಂಡ ಅಂಕ ಬೀಳುತ್ತದೆ, ಮುಂದಿನ ಸಲ ವಿಮೆ ಮಾಡಿಸುವಾಗ ಅದು ಕಂಪನಿಗೆ ಗೊತ್ತಾಗುತ್ತದೆ. ಅಲ್ಲೂ ಸಂತ್ರಸ್ತರಿಗೆ ಪರಿಹಾರ ನಿಲ್ಲುವುದಿಲ್ಲ, ತಪ್ಪು ಮಾಡಿದವನಿಗೆ ವಿಮೆ ದುಬಾರಿಯಾಗುತ್ತದೆ. ಇ-ಚಲನ್ ದಾಖಲೆ ಪೂರ್ತಿ ಗಣಕದಲ್ಲಿರುವ ನಮ್ಮ ದೇಶಕ್ಕೆ ಇದು ಆಗದ ಕೆಲಸವೇನಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಉಳಿಯುವುದು ಸಾಕ್ಷ್ಯ. ನಿಜವಾದ ಕಗ್ಗಂಟು ಇಲ್ಲೇ ಇದೆ. 2021ರಲ್ಲಿ ದೇಶದಲ್ಲಿ 4,12,432 ರಸ್ತೆ ಅಪಘಾತಗಳಾಗಿ 1,53,972 ಜನ ಸತ್ತರೆಂದು ಕೇಂದ್ರ ಸಾರಿಗೆ ಸಚಿವಾಲಯ ಹೇಳುತ್ತದೆ. ಅದರಲ್ಲಿ ಮೊಬೈಲ್ ಬಳಕೆಯಿಂದ ಆದವು 1,997, ಸತ್ತವರು 1,040. ನೂರಕ್ಕೆ ಒಂದೂ ಇಲ್ಲ. ರಸ್ತೆಗಿಳಿದ ಯಾರಾದರೂ ಇದನ್ನು ನಂಬುತ್ತಾರೆಯೇ? ಈ ಸಂಖ್ಯೆ ತೋರಿಸುವುದು ಫೋನ್ ಎಷ್ಟು ಜನರನ್ನು ಕೊಂದಿತು ಎಂಬುದನ್ನಲ್ಲ, ಪೊಲೀಸರು ಎಷ್ಟು ಸಲ ಆ ಪ್ರಶ್ನೆ ಕೇಳಿದರು ಎಂಬುದನ್ನು. ನಮ್ಮ ಠಾಣೆಗಳ ಎಫ್‌ಐಆರ್‌ನಲ್ಲಿ 'ಅತಿವೇಗ ಮತ್ತು ನಿರ್ಲಕ್ಷ್ಯತನದಿಂದ ಚಲಾಯಿಸಿಕೊಂಡು ಬಂದು' ಎಂಬ ಸಾಲು ಅಚ್ಚು ಹೊಡೆದಂತೆ ಇರುತ್ತದೆ. ಸ್ಥಳ ಮಹಜರಿನಲ್ಲಿ ರಸ್ತೆಯ ಅಗಲ, ಟೈರಿನ ಗುರುತು ಬರುತ್ತವೆ. ಮೋಟಾರು ವಾಹನ ನಿರೀಕ್ಷಕರು ಬ್ರೇಕ್ ಸರಿಯಿತ್ತೇ ಎಂದು ನೋಡಿ ವರದಿ ಕೊಡುತ್ತಾರೆ. ಫೋನ್ ಮಾತ್ರ ಚಾಲಕನ ಜೇಬಿನಲ್ಲೇ ಮನೆಗೆ ಹೋಗುತ್ತದೆ.

ಪತ್ತೆಗೆ ಬೇಕಾದ ದಾರಿಗಳೆಲ್ಲ ಈಗಲೇ ಇವೆ. 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮದಂತೆ ಪೊಲೀಸರು 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನೂ 90 ದಿನದೊಳಗೆ ವಿವರ ವರದಿಯನ್ನೂ ನ್ಯಾಯಮಂಡಳಿಗೆ ಸಲ್ಲಿಸಬೇಕು. ಟೆಲಿಕಾಂ ಕಂಪನಿಗಳು ಕರೆ ವಿವರಗಳನ್ನು ಕನಿಷ್ಠ ಎರಡು ವರ್ಷ ಕಾಪಾಡಬೇಕೆಂಬ ಷರತ್ತಿದೆ. ಕರೆ ಎಷ್ಟು ಹೊತ್ತಿಗೆ ಶುರುವಾಯಿತು, ಎಷ್ಟು ಹೊತ್ತು ನಡೆಯಿತು ಎಂಬುದು ಅಲ್ಲೇ ಸಿಗುತ್ತದೆ. ವಾಟ್ಸ್‌ಆ್ಯಪ್, ರೀಲ್ಸ್ ಇತ್ಯಾದಿಗೆ ಫೋನನ್ನೇ ನೋಡಬೇಕಾಗುತ್ತದೆ, ಮತ್ತು ಇಲ್ಲಿ ಪೊಲೀಸರಿಗೆ ಲಗಾಮು ಬೇಕು. ಖಾಸಗಿತನ ಮೂಲಭೂತ ಹಕ್ಕೆಂದು 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ. ಅಪಘಾತದ ಹೆಸರಿನಲ್ಲಿ ಯಾರದೋ ಫೋಟೊ, ಸಂಸಾರದ ಮಾತುಕತೆ ಜಾಲಾಡುವ ಅಧಿಕಾರ ಯಾವ ಸಬ್ ಇನ್‌ಸ್ಪೆಕ್ಟರಿಗೂ ಬೇಡ. ಸಾವು ಅಥವಾ ತೀವ್ರ ಗಾಯದ ಪ್ರಕರಣಗಳಲ್ಲಿ ಮಾತ್ರ ಫೋನನ್ನು ಮಹಜರಿನಲ್ಲಿ ನಮೂದಿಸಿ ಮೊಹರು ಮಾಡಲಿ. ಮ್ಯಾಜಿಸ್ಟ್ರೇಟರ ಅನುಮತಿ ಪಡೆದು, ಡಿಕ್ಕಿಯಾದ ಹೊತ್ತಿನ ಹಿಂದುಮುಂದಿನ ಕೆಲವು ನಿಮಿಷ ಪರದೆ ಬಳಕೆಯಲ್ಲಿತ್ತೇ ಎಂಬುದನ್ನಷ್ಟೇ ವಿಧಿವಿಜ್ಞಾನ ಪ್ರಯೋಗಾಲಯ ಹೇಳಲಿ. ಚಾಲಕ ಸಹಕರಿಸದಿದ್ದರೆ ಅದರಿಂದ ಏನು ಊಹಿಸಬೇಕೋ ಊಹಿಸಲು ನ್ಯಾಯಮಂಡಳಿಗೆ ಅಡ್ಡಿಯಿಲ್ಲ. ಅಲ್ಲಿ ನಡೆಯುವುದು ಕ್ರಿಮಿನಲ್ ವಿಚಾರಣೆಯಲ್ಲ. ಅಪಘಾತದ ಬಳಿಕ ಆಂಬುಲೆನ್ಸ್ ಕರೆಯಲು ಬಳಸಿದ ಫೋನನ್ನೇ ಸಾಕ್ಷ್ಯವೆಂದು ಹಿಡಿಯುವ ಅತಿಬುದ್ಧಿವಂತಿಕೆಗೂ ಅವಕಾಶ ಇರಬಾರದು. ಸಾಬೀತಿನ ಹೊಣೆ ವಿಮಾ ಕಂಪನಿಯದೇ ಎಂಬ ನಿಯಮ ಅದಕ್ಕಾಗಿಯೇ ಉಳಿಯಬೇಕು.

ಪರವಾನಗಿಯ ಮೇಲಿನ ಕ್ರಮವಂತೂ ಹತ್ತು ವರ್ಷದ ಹಿಂದೆಯೇ ಆಗಬೇಕಿತ್ತು. ಕೊಯಮತ್ತೂರಿನ ಮೂಳೆ ತಜ್ಞ ಡಾ. ಎಸ್. ರಾಜಶೇಖರನ್ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೇಮಿಸಿದ ರಸ್ತೆ ಸುರಕ್ಷತಾ ಸಮಿತಿ, ಮೊಬೈಲ್ ಬಳಸಿ ವಾಹನ ಓಡಿಸಿದವರ ಪರವಾನಗಿಯನ್ನು ಕನಿಷ್ಠ ಮೂರು ತಿಂಗಳು ಅಮಾನತಿನಲ್ಲಿಡಿ ಎಂದು 2015ರಲ್ಲೇ ಎಲ್ಲ ರಾಜ್ಯಗಳಿಗೆ ಸೂಚಿಸಿತ್ತು. ರಾಜ್ಯ ಸರ್ಕಾರ ಮಾಡಿದ್ದೇನು? 2019ರ ತಿದ್ದುಪಡಿಯ ದಂಡಗಳು ಜಾರಿಗೆ ಬಂದ ತಿಂಗಳೊಳಗೆ ಹಲವನ್ನು ಇಳಿಸಿತು. 2023ರ ಫೆಬ್ರುವರಿಯಲ್ಲಿ ಬಾಕಿ ಚಲನ್‌ಗಳಿಗೆ ಅರ್ಧ ರಿಯಾಯಿತಿ ಘೋಷಿಸಿತು. ಕೆಲವೇ ದಿನಗಳಲ್ಲಿ ನೂರು ಕೋಟಿ ರೂಪಾಯಿಗೂ ಹೆಚ್ಚು ವಸೂಲಾದಾಗ ಅದನ್ನೇ ಸಾಧನೆಯೆಂದು ಹೇಳಿಕೊಂಡರು. ಆ ಮೇಲೂ ಇದೇ ರಿಯಾಯಿತಿ ಮತ್ತೆ ಬಂತು. ಕಾದರೆ ಅರ್ಧ ಬೆಲೆಗೆ ಸಿಗುತ್ತದೆ ಎಂದು ಗೊತ್ತಾದ ಮೇಲೆ ದಂಡವನ್ನು ಸಕಾಲಕ್ಕೆ ಕಟ್ಟುವವನು ದಡ್ಡನಾಗುತ್ತಾನೆ.

ಮೋಟಾರು ವಾಹನ ಕಾಯ್ದೆಯ ತಿದ್ದುಪಡಿ ಸಂಸತ್ತಿನ ಕೆಲಸ. ಅದಕ್ಕೆ ಕಾಯದೆಯೇ ವಿಧಾನಸೌಧ ನಾಳೆಯೇ ಮಾಡಬಹುದಾದವು ಇವೆ. ಸಾವಿನ ಪ್ರಕರಣಗಳ ಮಹಜರಿನಲ್ಲಿ ಚಾಲಕನ ಫೋನಿನ ವಿವರ ಕಡ್ಡಾಯವೆಂದು ಪೊಲೀಸ್ ಮಹಾನಿರ್ದೇಶಕರು ಸುತ್ತೋಲೆ ಹೊರಡಿಸಬೇಕು. ಫೋನ್ ಹಿಡಿದು ಸಿಕ್ಕಿಬಿದ್ದವರ ಪರವಾನಗಿಯನ್ನು ಆರ್‌ಟಿಒಗಳು ನಿಜಕ್ಕೂ ಅಮಾನತು ಮಾಡಬೇಕು, ಎಷ್ಟು ಮಾಡಿದರೆಂದು ತಿಂಗಳಿಗೊಮ್ಮೆ ಪ್ರಕಟಿಸಬೇಕು. ಸಾರಿಗೆ ನಿಗಮಗಳ ಬಸ್ಸುಗಳಿಗೂ ವಿನಾಯಿತಿ ಬೇಡ. ಪರಿಹಾರ ಕೊಡದ ನಿಗಮದ ಬಸ್ಸನ್ನು ಕೋರ್ಟ್ ಅಮೀನರು ಜಪ್ತಿ ಮಾಡುವ ಸುದ್ದಿ ಓದಿ ಓದಿ ಜನಕ್ಕೆ ಸಾಕಾಗಿದೆ. ಮುಂದಿನ ಸಲ ಚಲನ್ ರಿಯಾಯಿತಿಯ ಕಡತ ಸಚಿವರ ಮೇಜಿಗೆ ಬಂದಾಗ ಸೆಕ್ಷನ್ 184ರ ಪ್ರಕರಣಗಳನ್ನು ಅದರಿಂದ ಹೊರಗಿಟ್ಟೇ ಸಹಿ ಹಾಕಬೇಕು.